ಮುಕ್ತಾಬಾಯಿ, ಸನಮಡಿ

ತಾನು ಯಂತ್ರಕ್ಕೆ ಕೊಟ್ಟ ಸುಳ್ಳು ಹೆಸರಿಗೆ ಮೊಮ್ಮಗಳೊಬ್ಬಳು ಇದ್ದಾಳೆ ಎಂಬುದು ಅಲ್ಮಾಸಳಿಗೆ ಶನಿವಾರ ಮಧ್ಯಾಹ್ನವೇ ಗೊತ್ತಾಗಿತ್ತು. ಸೋಮವಾರ ಬೆಳಗಾದರೂ ಅದನ್ನು ಆಕೆ ಯಾರಿಗೂ ಹೇಳಿರಲಿಲ್ಲ, ಡೈರಿಗೂ. ಶನಿವಾರದ ಪುಟದಲ್ಲಿ ‘ಇವತ್ತು’ ಎಂದು ಬರೆದು, ಪೆನ್ನಿನ ತುದಿಯನ್ನು ಅಲ್ಲೇ ಊರಿ, ಶಾಯಿ ಒಂದು ಚುಕ್ಕೆಯಾಗಿ ಹರಡುವ ತನಕ ಕೂತು, ಕೊನೆಗೆ ‘ಇವತ್ತು ಬಿಸಿಲು ಬಹಳ’ ಎಂದು ಮುಗಿಸಿದ್ದಳು. ಶಾಲೆಯ ಏಳನೆಯ ಇಯತ್ತೆಯಿಂದ ಬರೆಯುತ್ತ ಬಂದ ಡೈರಿ. ಜನರೆದುರು ಗಂಟಲಲ್ಲೇ ಉಳಿಯುವ ಮಾತೆಲ್ಲ ಅಲ್ಲಿ ಸರಾಗವಾಗಿ ಇಳಿಯುತ್ತಿತ್ತು. ಈಗ ಅದರೆದುರೂ ಬಾಯಿ ಕಟ್ಟಿತೆಂದರೆ ಇನ್ನು ಹೋಗುವುದೆಲ್ಲಿಗೆ ಎಂದು ಅವಳಿಗೆ ಭಯಕ್ಕಿಂತ ಹೆಚ್ಚಾಗಿ ಕಿರಿಕಿರಿಯಾಯಿತು. ಭಾನುವಾರವಿಡೀ ಆಕೆ ಒಂದು ಹುಚ್ಚು ಆಸೆಯನ್ನು ಹಿಡಿದುಕೊಂಡಿದ್ದಳು: ಯಂತ್ರವೇ ಕೆಟ್ಟಿರಬೇಕು, ಎಲ್ಲೋ ಒಂದು ಸಾಲು ತಪ್ಪಿ ಅದೇ ತನ್ನಷ್ಟಕ್ಕೆ ಮೊಮ್ಮಗಳನ್ನು ಹುಟ್ಟಿಸಿ, ಹೆಸರಿಟ್ಟು, ಐದನೆಯ ಇಯತ್ತೆಗೆ ಸೇರಿಸಿರಬೇಕು. ತಾನು ತಪ್ಪಿದೆನೆನ್ನುವುದಕ್ಕಿಂತ ಯಂತ್ರಕ್ಕೆ ಜೀವ ಬಂತೆನ್ನುವುದನ್ನು ನಂಬುವುದೇ ಹಗುರವಾಗಿತ್ತು.

“ಏಳ ಬೇ, ಸೋಮವಾರ ಐತಿ. ನಿನ್ನ ಪೇಶಂಟ ಕಾಯಾಕತ್ತಿರಬೇಕ,” ಎಂದು ಅಮ್ಮಿ ಒಳಗಿನಿಂದ ಕೂಗಿದಳು. ಅಮ್ಮಿ ಇಸ್ಮತ ಗಾದಿಯ ಹೊದಿಕೆಗೆ ಅಂಚು ಹೊಲಿಯುತ್ತಿದ್ದಳು. ಹಬ್ಬ ಹತ್ತಿರ ಬಂದಂತೆ ಅಬ್ಬಾನ ಗಾದಿ ಅಂಗಡಿಯ ಕೆಲಸ ಮನೆಗೂ ಬರುತ್ತಿತ್ತು. ಈ ವರ್ಷ ದೀಪಾವಳಿಯೂ ಈದೂ ಒಂದೇ ವಾರದಲ್ಲಿ ಬಂದು, ಊರೆಲ್ಲ ಒಟ್ಟಿಗೇ ಹೊಸ ಗಾದಿ ಬೇಕೆಂದು ಹಟ ಹಿಡಿದಿತ್ತು. ಅಲ್ಮಾಸ ಮುಖ ತೊಳೆದಳು. ರೋಜಾದ ಉಪವಾಸವಾದ್ದರಿಂದ ಚಹದ ಗೊಡವೆಯಿಲ್ಲ. ಹಿತ್ತಲ ಗೋಡೆಯಾಚೆಯಿಂದ ರುಕ್ಮವ್ವನ ತಲೆ ಮೇಲೆದ್ದಿತು. “ಅಲ್ಮಾಸಾ, ನಮ್ಮ ಮಾವಗ ಊಟಕ್ಕ ಮೊದಲ ಶುಗರ್ ಎಷ್ಟ ಇರಬೇಕ ಬೇ?” ಅಲ್ಮಾಸಳಿಗೆ ಹಲ್ಲು ಕಡಿಯುವಂತಾಯಿತು. ಎರಡು ತಿಂಗಳಿಂದ ಹೀಗೇ. ಸಂಸ್ಥೆಯ ಆಫೀಸಿಗೆ ವಾರಕ್ಕೊಮ್ಮೆ ‘ಆರೋಗ್ಯ ಅಹವಾಲು’ ಎಂಬ ವರದಿ ಒಯ್ಯುವವಳೆಂದು ಯಾರೋ ಹೇಳಿದ್ದೇ ಸಾಕಾಗಿತ್ತು. ಓಣಿಯಲ್ಲಿ ಆಕೆ ಅರ್ಧ ನರ್ಸಬಾಯಿ ಆಗಿಬಿಟ್ಟಿದ್ದಳು. “ಕಾಕೂ, ಅದು ಮನಶ್ಯಾರ ಆರೋಗ್ಯ ಅಲ್ರಿ, ವೆಬ್‌ಸೈಟಿಂದು,” ಎಂದು ಹೇಳಬೇಕೆಂದು ಎಷ್ಟೋ ಸಲ ಬಾಯಿ ತೆರೆದದ್ದುಂಟು. ಆಮೇಲೆ ವೆಬ್‌ಸೈಟ್ ಅಂದರೇನು ಎಂದು ಹೇಳಬೇಕಾಗುತ್ತದೆ, ಅದು ಎಲ್ಲಿರುತ್ತದೆ ಎಂದು ಹೇಳಬೇಕಾಗುತ್ತದೆ, ಇಲ್ಲದ ಕೈಕಾಲಿಗೆ ಎಂಥ ಆರೋಗ್ಯ ಎಂದೂ ಹೇಳಬೇಕಾಗುತ್ತದೆ. “ದವಾಖಾನಿಗೆ ತೋರಸ್ರಿ,” ಎಂದಷ್ಟೇ ಹೇಳಿ ಚಪ್ಪಲಿ ಮೆಟ್ಟಿದಳು. ಒಂದೇ ಒಂದು ಸರಿಯಾದ ಉತ್ತರ ಕೊಡಲು ಸೋಮಾರಿತನ ಮಾಡುವುದೂ ಸುಳ್ಳಿನಲ್ಲೇ ಲೆಕ್ಕವೇನೋ. ರೋಜಾದ ದಿನ ಬೇರೆ.

ಬಸ್‌ಸ್ಟ್ಯಾಂಡಿನ ಎದುರಿನ ಮಾಳಿಗೆಯಲ್ಲಿ ಧನಾಜಿ ಸರ್ ಅವರ ಕಂಪ್ಯೂಟರ್ ಕ್ಲಾಸು. ಬಿ.ಎಸ್ಸಿ. ಮುಗಿಸಿದ ಅಲ್ಮಾಸ ಅಲ್ಲಿ ಹುಡುಗಿಯರ ಬ್ಯಾಚಿಗೆ ಟೈಪಿಂಗ್ ಕಲಿಸುತ್ತಿದ್ದಳು. ಉಳಿದ ಹೊತ್ತು ಸಂಸ್ಥೆಯ ವೆಬ್‌ಸೈಟ್ ನೋಡಿಕೊಳ್ಳುತ್ತಿದ್ದಳು. ಕಬ್ಬು ಕಡಿಯಲು ಆರು ತಿಂಗಳು ಊರು ಬಿಡುವವರ ಮಕ್ಕಳಿಗಾಗಿ ಸಂಸ್ಥೆ ಒಂದು ಹಂಗಾಮಿ ವಸತಿನಿಲಯ ತೆರೆದಿತ್ತು. ನಲವತ್ತು ಮಕ್ಕಳಿಗೆ ಜಾಗ. ಅದರ ಅರ್ಜಿಯನ್ನು ವೆಬ್‌ಸೈಟಿನಲ್ಲೇ ತುಂಬಬೇಕು, ಕಾಗದದ ಅರ್ಜಿ ಹಿಡಿಯುವುದಿಲ್ಲ ಎಂಬುದು ಸಂಸ್ಥೆಯ ಕಾರ್ಯದರ್ಶಿ ಸಾಹೇಬರ ಹಟ. ಪುಣೆಯಿಂದ ಬಂದವರೆದುರು ಹೇಳಿಕೊಳ್ಳಲು ಅವರಿಗೆ ಅದೊಂದು ಬೇಕಾಗಿತ್ತು. ಕರಜಗಿಯಿಂದ, ದರಿಬಡಚಿಯಿಂದ ಕೊಡಲಿ, ಕಬ್ಬು ಕಡಿಯುವ ಕೊಯ್ತಾ ಹೊತ್ತು ಹೊರಡುವವರು ಮೊದಲು ಸ್ಟ್ಯಾಂಡಿಗೆ ಬಂದು ಯಾವುದಾದರೂ ಸೈಬರಿನಲ್ಲಿ ಕೂತು ಅರ್ಜಿ ತುಂಬಿಸಬೇಕು. ಈ ವೆಬ್‌ಸೈಟ್ ಸರಿಯಾಗಿ ನಡೆದಿದೆಯೇ ಎಂದು ತಾನೇ ನೋಡಿ ತಾನೇ ಅಹವಾಲು ಕೊಡುವ ಯಂತ್ರ ಅಲ್ಮಾಸಳದೇ ಕೈಯ ಕೆಲಸ. ಸೋಮವಾರ ಒಂಬತ್ತೂವರೆಗೆ ಕ್ಲಾಸಿನ ಮೂಲೆಯ ಕಂಪ್ಯೂಟರು ಯಾರ ಅಪ್ಪಣೆಗೂ ಕಾಯದೆ ವೆಬ್‌ಸೈಟಿನ ಆರು ಪುಟಗಳನ್ನೂ ಒಂದೊಂದಾಗಿ ತೆರೆದು ನೋಡುತ್ತಿತ್ತು, ಕೊನೆಗೆ ಅರ್ಜಿಯ ಪುಟಕ್ಕೆ ಬಂದು ಒಂದು ಸುಳ್ಳು ಅರ್ಜಿ ತುಂಬಿ ಕಳಿಸುತ್ತಿತ್ತು, ಅದು ಅಂಚೆಪೆಟ್ಟಿಗೆಗೆ ಬಂದು ಬಿತ್ತೇ ಎಂದು ನೋಡಿ ಒಂದು ಹಾಳೆ ಮುದ್ರಿಸುತ್ತಿತ್ತು. ಮರಾಠಿಯಲ್ಲಿ ಏಳು ಸಾಲು, ಏಳು ಸಾಲಿನ ಎದುರು ಏಳು ಖಾಲಿ ವೃತ್ತ. ಸರಿಯಿದ್ದರೆ ವೃತ್ತ ಹಸಿರಾಗಿಯೂ, ಕೆಟ್ಟಿದ್ದರೆ ಕೆಂಪಾಗಿಯೂ ಬರಬೇಕೆಂದು ಆಕೆ ಬರೆದಿದ್ದಳು. ಆದರೆ ಪ್ರಿಂಟರಿನ ಬಣ್ಣದ ಶಾಯಿ ಮೊದಲ ತಿಂಗಳೇ ಒಣಗಿತು. ಧನಾಜಿ ಸರ್ ಸ್ಟೇಶನರಿ ಅಂಗಡಿಯಿಂದ ಒಂದು ಸ್ಕೆಚ್ ಪೆನ್ ಸೆಟ್ಟು ತಂದು ಕೊಟ್ಟರು. ಅಂದಿನಿಂದ ಯಂತ್ರ ತಾನಾಗಿ ಕೊಡುವ ಅಹವಾಲಿಗೆ ಅಲ್ಮಾಸ ಕೈಯಿಂದ ಹಸಿರು ತುಂಬುತ್ತಿದ್ದಳು, ಗೆರೆ ದಾಟದ ಹಾಗೆ, ಮೂರನೆಯ ಇಯತ್ತೆಯ ಹುಡುಗಿಯ ಹಾಗೆ. ಕೆಂಪು ಪೆನ್ನಿನ ಮುಚ್ಚಳ ಈವರೆಗೆ ತೆರೆದದ್ದಿಲ್ಲ. “ಅದು ಇರಲಿ ಬಿಡ್ರಿ, ಸೆಟ್ಟಿನಾಗ ಬಂದೈತಿ,” ಎಂದಿದ್ದರು ಸರ್.

ಸುಳ್ಳು ಅರ್ಜಿಗೆ ಒಂದು ಹೆಸರು ಬೇಕಿತ್ತು, ಒಂದು ಊರು ಬೇಕಿತ್ತು. ಆ ದಿನ ಕಿಟಕಿಯಿಂದ ಕೆಳಗೆ ಸ್ಟ್ಯಾಂಡಿನಲ್ಲಿ ಸನಮಡಿಯ ಎಸ್‌ಟಿ ಬಸ್ಸು ನಿಂತಿತ್ತು. ಒಬ್ಬ ಹೆಂಗಸು ತಲೆಯ ಮೇಲೆ ಗಂಟು, ಬಗಲಲ್ಲಿ ಕೋಳಿ ಹಿಡಿದು ಹತ್ತಲು ಒದ್ದಾಡುತ್ತಿದ್ದಳು. ಕೆಳಗಿನಿಂದ ಯಾರೋ “ಮುಕ್ತಾಬಾಯೀ, ಕೋಳಿ ಮೊದಲ ಕೊಡ” ಎಂದು ಕೂಗಿದ್ದರು. ಅಲ್ಮಾಸ ನಕ್ಕಿದ್ದಳು. ನಗುತ್ತಲೇ ಬೆರಳು ಆ ಹೆಸರನ್ನೂ ಆ ಊರನ್ನೂ ಒತ್ತಿತ್ತು. ಅಷ್ಟೇ. ಇಷ್ಟೇ ಇದ್ದಿದ್ದರೆ ಯಾರ ತಕರಾರೂ ಇರಲಿಲ್ಲ. ಆದರೆ ಆ ಹೊತ್ತಿಗೆ ತಲೆಯಲ್ಲಿ ಹಾದುಹೋದ ಇನ್ನೊಂದು ಮಾತಿತ್ತು, ಅದನ್ನು ಆಕೆ ಈ ಎರಡು ದಿನ ಮುಟ್ಟಲು ಹೋಗದೆ ಸುತ್ತು ಹಾಕುತ್ತಿದ್ದಳು, ಬಾಯಲ್ಲಿನ ಹುಣ್ಣಿನ ಸುತ್ತ ನಾಲಿಗೆ ಸುಳಿದ ಹಾಗೆ.

ಒಂಬತ್ತೂವರೆಗೆ ಯಂತ್ರ ಓಡಿತು, ಒಂಬತ್ತು ಮೂವತ್ತೈದಕ್ಕೆ ಲೈಟು ಹೋಯಿತು. ಲೋಡಶೆಡ್ಡಿಂಗಿನ ಪಟ್ಟಿಯಲ್ಲಿ ಸೋಮವಾರ ಬೆಳಗಿನ ಹೊತ್ತು ಇರಲಿಲ್ಲ. ಆದರೆ ಪಟ್ಟಿಯನ್ನು ಲೈಟು ಓದಿರಲಿಲ್ಲ. ಕತ್ತಲೆಯಾದ ಪರದೆಯಲ್ಲಿ ಅವಳ ಮುಖ ಮಾತ್ರ ಕಾಣುತ್ತಿತ್ತು. ಇದೂ ಒಂದು ತಲೆಶೂಲೆ. ಲೈಟು ಹೋಗಿ ಬಂದರೆ ಯಂತ್ರ ಮರೆತು ಮತ್ತೆ ಮೊದಲಿನಿಂದ ಶುರುಮಾಡುತ್ತಿತ್ತು, ಸುಳ್ಳು ಅರ್ಜಿ ಎರಡು ಸಲ ಹೋಗುತ್ತಿತ್ತು. ಹಾಗೆ ಆದಾಗಲೆಲ್ಲ ಹಾಳೆಯ ಕೆಳಗೆ ‘ಲೈಟು ಹೋದ ಕಾರಣ ಪರೀಕ್ಷೆ ಎರಡು ಸಲ’ ಎಂದು ಮರಾಠಿಯಲ್ಲಿ ಬರೆದು, ಪೆಟ್ಟಿಗೆಯಲ್ಲಿನ ಎರಡೂ ಮುಕ್ತಾಬಾಯಿಯರನ್ನು ತೆರೆಯದೆಯೇ ಅಳಿಸುವುದು ಅವಳ ರೂಢಿ. ಉಳಿದ ನಿಜವಾದ ಅರ್ಜಿಗಳನ್ನು ಮುದ್ರಿಸಿ, ಅಹವಾಲಿನ ಜೊತೆ ಆಫೀಸಿಗೆ ಒಯ್ಯುವುದು. ಹೆಸರು ನೋಡುವುದು, ಅಳಿಸುವುದು. ಕಾಳಿನಲ್ಲಿ ಹರಳು ಆರಿಸುವಾಗ ಯಾರಾದರೂ ಹರಳನ್ನು ತಿರುಗಿಸಿ ನೋಡುತ್ತಾರೆಯೇ? ಶುಕ್ರವಾರ ತಾರೀಖು ಮುಗಿದು, ಶನಿವಾರ ಕೊನೆಯ ಅರ್ಜಿಗಳನ್ನು ಮುದ್ರಿಸುವಾಗ ಕೈ ತಪ್ಪಿ ಒಂದು ತೆರೆದುಕೊಂಡಿತು. ಯಂತ್ರದ ಅರ್ಜಿಯಲ್ಲಿ ಮಗುವಿನ ಹೆಸರಿನ ಜಾಗದಲ್ಲಿ ‘ಚಾಚಣಿ’ ಎಂದಿರುತ್ತದೆ, ಪರೀಕ್ಷೆಗಾಗಿ ಎಂದು. ಇದರಲ್ಲಿ ‘ಸ್ವಪ್ನಾಲಿ, ಮೊಮ್ಮಗಳು, ಐದನೆಯ ಇಯತ್ತೆ’ ಎಂದಿತ್ತು. ಕೆಳಗೆ, ಇಂಗ್ಲಿಷ್ ಅಕ್ಷರದಲ್ಲಿ ಹೊಡೆದ ಮರಾಠಿ: ‘ನಿಮ್ಮ ಕಾರ್ಡು ಬಂತು. ಮೂರು ಸಲ ಅರ್ಜಿ ಕಳಿಸಿದೆ. ಉತ್ತರ ಇಲ್ಲ. ನಮ್ಮ ಗಾಡಿ ಬುಧವಾರ ಹೋಗುತ್ತದೆ.’ ಅಳಿಸಿದವು ಹೋಗಿ ಬೀಳುವ ಬುಟ್ಟಿಯಲ್ಲಿ ಕೈ ಹಾಕಿದಾಗ ಉಳಿದ ಎರಡೂ ಸಿಕ್ಕಿದ್ದವು. ಒಂದು ದಸರೆಯ ಹಿಂದಿನ ವಾರದ್ದು, ಒಂದು ದಸರೆ ಆದ ಮೇಲಿನದು. ಆ ಎರಡನೆಯ ವಾರ ಲೈಟೇ ಹೋಗಿರಲಿಲ್ಲ. ಆದರೂ ಹಾಳೆಯ ಕೆಳಗೆ ‘ಲೈಟು ಹೋದ ಕಾರಣ’ ಎಂದು ತಾನೇ ಬರೆದದ್ದು ಅವಳಿಗೆ ನೆನಪಿತ್ತು.

ಹತ್ತು ನಿಮಿಷಕ್ಕೆ ಲೈಟು ಬಂತು, ಯಂತ್ರ ಮತ್ತೆ ಮೊದಲಿನಿಂದ ಓಡಿ ಹಾಳೆ ಮುದ್ರಿಸಿತು. ಹಿಂದೆಯೇ ಧನಾಜಿ ಸರ್ ಮೆಟ್ಟಿಲು ಹತ್ತಿ ಬಂದರು. ಒಂದೊಂದು ಕಿವಿಗೆ ಒಂದೊಂದು ಮೊಬೈಲು. “ಅಹವಾಲು ಆತೇನ್ರಿ? ಲಗೂನ ಒಯ್ರಿ. ಸಾಹೇಬ್ರು ಹನ್ನೊಂದಕ್ಕ ಬಂದು ಆರಿಸಿದ ಹುಡುಗರ ಯಾದಿಗೆ ಸಹಿ ಮಾಡ್ತಾರ. ಅಹವಾಲು ಫೈಲಿನ್ಯಾಗ ಇರಲಾರದ ಸಹಿ ಮಾಡೂದಿಲ್ಲ ಅಂತ ಕುಂತಾರ.”

“ಸರ್,” ಎಂದಳು ಅಲ್ಮಾಸ. “ಆ ಅರ್ಜಿ ಪುಟದಾಗ...”

“ಏನಾತು? ಪುಟ ಬಿತ್ತೇನು?”

“ಇಲ್ರಿ. ಬಿದ್ದಿಲ್ರಿ.”

“ಅರ್ಜಿ ಹೋಗಲಾಗೇವೇನು?”

“ಹೋಗ್ತಾವ್ರಿ. ಬಂದೂ ಬೀಳ್ತಾವ್ರಿ. ಆದ್ರ...”

“ಹೋಗ್ತಾವ, ಬೀಳ್ತಾವ. ಮತ್ತೇನ? ಹಸರ ಹಚ್ಚ್ರಿ, ನಡೀರಿ!” ಸರ್ ಒಂದು ಮೊಬೈಲಿಗೆ ‘ಬೋಲಾ ಬೋಲಾ’ ಎಂದು, ಇನ್ನೊಂದರ ಬಾಯಿ ಮುಚ್ಚಿಕೊಂಡು ನಕ್ಕರು. “ಅಲ್ರೀ ಅಲ್ಮಾಸ, ನಾ ನೋಡೇನಿ, ನಿಮ್ಮ ಮಾರಿ ನೋಡಿದ್ರ ವೆಬ್‌ಸೈಟಿಗೆ ಟೈಫಾಯ್ಡ ಆದಂಗ ಕಾಣತೈತಿ. ಎರಡು ಸಂಸ್ಥಾದವರು ನಮಗೂ ಇಂಥಾ ಅಹವಾಲು ಬೇಕು ಅಂತ ಬೆನ್ನ ಹತ್ತ್ಯಾರ. ಖುಷೀಲೆ ಇರ್ರಿ.”

ಒಳ್ಳೆಯ ಮನುಷ್ಯ. ಒಳ್ಳೆಯ ಮನುಷ್ಯರೆದುರು ಮಾತಾಡುವುದು ಇನ್ನೂ ಕಷ್ಟ. ಅವರು ಬೈದರೆ ಕನಿಷ್ಠ ತಾನು ಸುಮ್ಮನಾದುದಕ್ಕೆ ಒಂದು ಕಾರಣವಾದರೂ ಸಿಗುತ್ತದೆ. ಅಲ್ಮಾಸ ಹಾಳೆ ಎದುರಿಟ್ಟುಕೊಂಡು ಹಸಿರು ಪೆನ್ನು ತೆರೆದಳು. ಮುಖಪುಟ, ಹಸಿರು. ಸಂಸ್ಥೆಯ ಇತಿಹಾಸ, ಹಸಿರು. ಕಾರ್ಯದರ್ಶಿಯವರ ಮನೋಗತ, ಅದಂತೂ ಎಂದೂ ಕೆಡುವುದಿಲ್ಲ, ಹಸಿರು. ಏಳನೆಯ ಸಾಲಿಗೆ ಬಂದಾಗ ಪೆನ್ನು ನಿಂತಿತು. ‘ಅರ್ಜಿ ಪುಟ ಚಾಲೂ ಇದೆ.’ ಸರಿಯೇ. ಈ ವಾಕ್ಯದಲ್ಲಿ ಎಲ್ಲಿಯೂ ಸುಳ್ಳಿಲ್ಲ. ಪುಟ ಚಾಲೂ ಇದೆ, ಅರ್ಜಿ ಬರುತ್ತದೆ. ಬಂದದ್ದನ್ನು ಒಬ್ಬಳು ಕಣ್ಣೆತ್ತಿ ನೋಡದೆ ಒರೆಸುತ್ತಾಳೆ ಎಂಬುದಕ್ಕೆ ಎಂಟನೆಯ ಸಾಲೇ ಇಲ್ಲ, ವೃತ್ತವೂ ಇಲ್ಲ. ಕಾಲೇಜಿನ ಎರಡನೆಯ ವರ್ಷದ ರಸಾಯನದ ತಾಸು ನೆನಪಾಯಿತು. ಹಾಜರಿ ಕೂಗುವಾಗ ಇಪ್ಪತ್ತಾರನೆಯ ನಂಬರಿಗೆ ಆಕೆ ‘ಹಾಜರ್’ ಎನ್ನುತ್ತಿದ್ದಳು, ಅದು ಪ್ರಾಧ್ಯಾಪಕರ ಕಿವಿಗೆ ಮುಟ್ಟುವ ಮೊದಲೇ ಇಪ್ಪತ್ತೇಳು ಕೂಗಿ ಆಗಿರುತ್ತಿತ್ತು. ಅರ್ಧ ವರ್ಷದ ಇಡೀ ಸತ್ರ ಎರಡನೆಯ ಬೆಂಚಿನಲ್ಲಿ ಕೂತು ಆಕೆ ಗೈರುಹಾಜರಾದಳು. ಕೊನೆಗೆ ನೋಟಿಸು ಬೋರ್ಡಿನಲ್ಲಿ ಪರೀಕ್ಷೆಗೆ ಕೂರಲಾಗದವರ ಯಾದಿಯಲ್ಲಿ ತನ್ನ ಹೆಸರು ನೋಡಿ, ಹಿತ್ತಲ ನಲ್ಲಿಯ ಬಳಿ ಹೋಗಿ ನೀರು ಕುಡಿದು ಕುಡಿದು ಹೊಟ್ಟೆ ಉಬ್ಬಿಸಿಕೊಂಡಿದ್ದಳು. ಅಬ್ಬಾ ಬಂದು, ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದು, ‘ನಮ್ಮ ಪೋರಿಗಿ ದನಿ ಸಣ್ಣದೈತ್ರಿ ಸರ್, ಆದ್ರ ದಿನಾ ಬರ್ತಾಳ್ರಿ’ ಎಂದು ಹೇಳಿದರು. ಸ್ಟಾಫ್ ರೂಮೆಲ್ಲ ನಕ್ಕಿತು. ಅದನ್ನು ಡೈರಿಯಲ್ಲಿ ನಾಲ್ಕು ಪುಟ ಬರೆದಿದ್ದಳು. ಇದ್ದವಳನ್ನು ಇಲ್ಲವೆಂದು ಬರೆಯುವವರ ಮೇಲೆ ಎಷ್ಟು ಸಿಟ್ಟು, ಎಂಥ ಮಾತುಗಳು! ಏಳನೆಯ ವೃತ್ತ ಹಸಿರಾಯಿತು. ತಾನೇ ತುಂಬಿದ್ದಳು. ಗೆರೆ ದಾಟಿರಲಿಲ್ಲ.

ಹಾಳೆಯನ್ನು ಫೈಲಿನಲ್ಲಿಟ್ಟು, ಅದರ ಹಿಂದೆ ಶನಿವಾರವೇ ಮುದ್ರಿಸಿಟ್ಟುಕೊಂಡಿದ್ದ ಮೂರು ಅರ್ಜಿಗಳನ್ನು ನಾಲ್ಕು ಮಡಿಕೆ ಮಾಡಿ ತುರುಕಿ, ಆಕೆ ಬಿಸಿಲಿಗಿಳಿದಳು. ಮುದ್ರಿಸಿದ್ದೇಕೆಂದು ಗೊತ್ತಿರಲಿಲ್ಲ. ಯಾರೂ ಕೇಳದಿದ್ದರೆ ತೋರಿಸುವ ಪ್ರಶ್ನೆಯೇ ಇಲ್ಲ. ಕೇಳಿದರೆ ಆಗ ನೋಡೋಣ. ಹೀಗೆ ಅರ್ಧ ಧೈರ್ಯ ಮಾಡುವುದು ಅವಳ ಹಳೆಯ ಚಾಳಿ. ರಸ್ತೆಯ ಬದಿಗೆ ಎರಡು ಟ್ರ್ಯಾಕ್ಟರು ನಿಂತಿದ್ದವು. ಬೋಗಿಗಳಲ್ಲಿ ಚಾಪೆ, ಒಲೆಗಲ್ಲು, ಕೊಡ, ಕಟ್ಟಿದ ಆಡು, ಆಡಿನ ಪಕ್ಕ ಮಕ್ಕಳು. ಕೂಲಿಯವರನ್ನು ಒಯ್ಯುವ ಒಬ್ಬ ಮುಕಾದಮ ಕೆಳಗೆ ನಿಂತು ಕೊಯ್ತಾ ಎಣಿಸುತ್ತಿದ್ದ. ಎಣಿಕೆಯಲ್ಲಿ ಮಕ್ಕಳು ಬರುತ್ತಿರಲಿಲ್ಲ. ಅಲ್ಮಾಸ ಫೈಲನ್ನು ಎದೆಗೆ ಅವಚಿಕೊಂಡು ಬೇಗ ಬೇಗ ನಡೆದಳು. ಬಾಯಿ ಒಣಗಿತ್ತು, ಉಗುಳು ನುಂಗಲೂ ಅನುಮಾನವಾಗುವಷ್ಟು. ಬುಧವಾರ ಎಂದರೆ ನಾಡಿದ್ದು. ಯಾದಿಗೆ ಸಹಿ ಎಂದರೆ ಇನ್ನರ್ಧ ತಾಸು. ಈ ಹಾಳು ಕಾರ್ಡು ಒಂದು ಹೋಗದೇ ಇದ್ದಿದ್ದರೆ!

ಕಾರ್ಡಿನ ಕತೆ ಆಫೀಸಿನಲ್ಲಿ ವಾರಗಟ್ಟಲೆ ನಗೆಗೆ ಒದಗಿತ್ತು. ಯಂತ್ರ ಮೊದಲ ಸಲ ಓಡಿದ ವಾರ, ಸುಳ್ಳು ಅರ್ಜಿಯನ್ನು ಬೇರೆ ತೆಗೆಯಬೇಕೆಂದು ಅಲ್ಮಾಸಳಿಗೆ ಹೊಳೆದಿರಲಿಲ್ಲ. ಉಳಿದವುಗಳ ಜೊತೆಗೆ ಅದನ್ನೂ ಮುದ್ರಿಸಿ ಕೊಟ್ಟಿದ್ದಳು. ಆಫೀಸಿನ ಕಾರಕೂನ ಶಿದ್ರಾಯ ಕಾಕಾ ಮೂವತ್ತು ವರ್ಷದ ಅನುಭವಸ್ಥ. ಬಂದ ಕಾಗದಕ್ಕೆ ಆವಕ ನಂಬರು, ಹೋಗುವ ಉತ್ತರಕ್ಕೆ ಜಾವಕ ನಂಬರು, ಎರಡಕ್ಕೂ ದುಂಡು ಮುದ್ರೆಯ ಶಿಕ್ಕಾ. ಅವರು ಮುಕ್ತಾಬಾಯಿಗೂ ನಂಬರು ಕೊಟ್ಟು, ‘ನಿಮ್ಮ ಅರ್ಜಿ ಮುಟ್ಟಿದೆ, ಮಗುವಿನ ಪೂರ್ಣ ಹೆಸರು, ಇಯತ್ತೆ ತಿಳಿಸಿ ವೆಬ್‌ಸೈಟಿನಲ್ಲಿ ಮತ್ತೆ ಅರ್ಜಿ ಮಾಡಿರಿ’ ಎಂದು ಸನಮಡಿಗೆ ಪೋಸ್ಟಕಾರ್ಡು ಬರೆದು ಹಾಕಿದರು. ಗೊತ್ತಾದ ಮೇಲೆ ಕಾರ್ಯದರ್ಶಿ ಸಾಹೇಬರು ಎಲ್ಲರೆದುರು, “ಶಿದ್ರಾಯ, ಕಂಪ್ಯೂಟರಿಗೆ ಕಾರ್ಡ ಹಾಕಿದಾವ ಮಹಾರಾಷ್ಟ್ರದಾಗ ನೀ ಒಬ್ಬನ ಇರಬೇಕ ನೋಡ,” ಎಂದಿದ್ದರು. ಅಂದೇ ಕಾಕಾ ಆವಕ ಪುಸ್ತಕದ ಮೊದಲ ಪುಟದಲ್ಲಿ ಕೆಂಪು ಶಾಯಿಯಲ್ಲಿ ಬರೆದಿಟ್ಟರು: ‘ಮುಕ್ತಾಬಾಯಿ, ಸನಮಡಿ: ಇದು ಯಂತ್ರದ ಹೆಸರು. ದಾಖಲು ಮಾಡಬಾರದು.’ ಆ ಹೊತ್ತಿಗೆ ಕಾರ್ಡು ಪೋಸ್ಟಮನ್ನನ ಚೀಲದಲ್ಲಿ ಕೂತು ಎಸ್‌ಟಿಯಲ್ಲಿ ಸನಮಡಿಗೆ ಹೋಗುತ್ತಿತ್ತು ಎಂಬುದನ್ನು ಯಾರೂ ಯೋಚಿಸಲಿಲ್ಲ. ಊರಲ್ಲಿ ಆ ಹೆಸರಿನವಳು ಇದ್ದರೆ ಪೋಸ್ಟಮನ್ನ ಅದನ್ನು ಯಾರಿಗೆ ಕೊಡುತ್ತಾನೆ? ಯೋಚಿಸಬೇಕಾದವಳು ಅಲ್ಮಾಸ. ಆಕೆಯೂ ನಕ್ಕಿದ್ದಳು, ಎಲ್ಲರಿಗಿಂತ ಮೆಲ್ಲಗೆ, ಎಲ್ಲರಿಗಿಂತ ಹೆಚ್ಚು ಹೊತ್ತು. ತನ್ನ ತಪ್ಪು ಕಾಕಾನ ತಲೆಯ ಮೇಲೆ ಹೋಯಿತೆಂಬ ನಿರಾಳದಲ್ಲಿ.

ಆಫೀಸಿನ ಬಾಗಿಲಲ್ಲಿ ಒಂದು ಜೋಡಿ ಚಪ್ಪಲಿ ಕಂಡು ಅವಳ ಕಾಲು ತಡೆಯಿತು. ಟಾಯರಿನ ಅಟ್ಟೆ, ಒಂದಕ್ಕೆ ತಂತಿಯ ಹೊಲಿಗೆ. ಒಳಗಿನಿಂದ ಶಿದ್ರಾಯ ಕಾಕಾನ ದನಿ ಏರಿತ್ತು.

“ಬರ್ರಿ ಬರ್ರಿ ಡಾಕ್ಟರಬಾಯಿ! ನಿಮ್ಮ ಹಾದೀನ ನೋಡಾಕತ್ತಿದ್ದೆ. ಈ ಮುದುಕಿಗಿ ಒಂದೀಟು ತಿಳಿಸಿ ಹೇಳ್ರಿ, ನನ್ನ ಗಂಟಲ ಹರದು ಹೋತು.”

“ನನಗ್ಯಾಕ ತಿಳಿಸಿ ಹೇಳಬೇಕ? ನಾ ಏನ ಕಿವುಡಿ ಅದೇನೇನ?” ಎಂದಳು ಬೆಂಚಿನ ಮೇಲೆ ಕೂರದೆ ಅದರ ಪಕ್ಕ ನೆಲದ ಮೇಲೆ ಕೂತಿದ್ದ ಹೆಂಗಸು. ಅಲ್ಮಾಸ ಕಿಟಕಿಯಿಂದ ಕಂಡಿದ್ದ ಕೋಳಿಯ ಹೆಂಗಸು ಇವಳೋ ಅಲ್ಲವೋ, ಹೇಳಲಾಗುತ್ತಿರಲಿಲ್ಲ; ಅಂದು ಮುಖ ನೋಡಿದ್ದರಲ್ಲವೇ. ಇವಳು ತೆಳ್ಳಗಿದ್ದಳು, ಬಲಗೈಯ ಹೆಬ್ಬೆರಳಿಗೆ ಕೊಯ್ತಾದ ಹಳೆಯ ಗಾಯದ ಗಂಟು, ಮೊಣಕಾಲ ಮೇಲೆ ಪ್ಲಾಸ್ಟಿಕ್ ಚೀಲ. “ಮೊದಲ್ನೇ ಎಸ್‌ಟಿಗೆ ಬಂದು ಕುಂತೇನಿ. ಹೆಸರ ಕೇಳಿದ್ರಿ, ಹೇಳಿದೆ. ಊರ ಕೇಳಿದ್ರಿ, ಹೇಳಿದೆ. ಹೇಳಿದ ಮ್ಯಾಲ ನಗಾಕತ್ತಾರ ನೋಡಬೇ ಯವ್ವಾ ಇವರು.”

“ನಗಲಾರದ ಏನ ಮಾಡಲಿ?” ಶಿದ್ರಾಯ ಕಾಕಾ ಆವಕ ಪುಸ್ತಕದ ಮೊದಲ ಪುಟ ತೆರೆದು ಆಕೆಯತ್ತ ತಿರುಗಿಸಿದರು, ಆಕೆಗೆ ಓದಲು ಬರುವುದಿಲ್ಲವೆಂದು ಮರೆತು. “ಇಲ್ಲೆ ನೋಡ. ಮುಕ್ತಾಬಾಯಿ, ಸನಮಡಿ. ಈ ಹೆಸರು ಯಂತ್ರದ್ದೈತಿ.”

“ಯಂತ್ರದ್ದು ಹೆಂಗ ಆಕೈತ್ರಿ? ನಮ್ಮಪ್ಪ ಇಟ್ಟಾನ.”

“ಅಲ್ಲಬೇ, ನಿನ್ನ ಹೆಸರಿಗೆ ಯಾರೇನಂದ್ರು? ನೀ ಇರು ಸುಖದಿಂದ. ಆದ್ರ ಅರ್ಜಿಯೊಳಗ ಬರೂ ಮುಕ್ತಾಬಾಯಿ ನೀ ಅಲ್ಲ, ಬ್ಯಾರೆ. ನಿನ್ನ ಅರ್ಜಿ ಬಂದೇ ಇಲ್ಲ.”

“ಮೂರ ಸಲ ಹಾಕಿಸೇನ್ರಿ ಸಾಹೇಬ. ಸ್ಟ್ಯಾಂಡಿನ ಹಿಂದಿನ ಸೈಬರದಾಗ. ಆ ಹುಡುಗಿ ‘ಹೋತು ಆಯಿ’ ಅಂತ ಮೂರೂ ಸಲ ಹೇಳ್ಯಾಳ. ಎಲ್ಲಿಗಿ ಹೋತು ಮತ್ತ?”

ಎಲ್ಲಿಗೆ ಹೋಯಿತು. ಅಲ್ಮಾಸಳ ಫೈಲಿನಲ್ಲಿ ನಾಲ್ಕು ಮಡಿಕೆಯಾಗಿ ಕೂತಿತ್ತು. ಅದರ ಗಂಟು ರಟ್ಟಿನ ಹೊರಗಿನಿಂದಲೇ ಕೈಗೆ ಹತ್ತುತ್ತಿತ್ತು.

ಮುಕ್ತಾಬಾಯಿ ಚೀಲದೊಳಗಿನ ಇನ್ನೊಂದು ಚೀಲದಿಂದ ಒಂದು ಪೋಸ್ಟಕಾರ್ಡು ತೆಗೆದಳು. ಮೂಲೆಗಳು ಮೆತ್ತಗಾಗಿದ್ದವು, ಎಷ್ಟು ಜನರ ಕೈಯಲ್ಲಿ ಓದಿಸಿದ್ದಳೋ. “ಇದರ ಮ್ಯಾಲಿನ ಶಿಕ್ಕಾ ಯಾರದ್ರಿ? ನಾ ಏನ ಕನಸ ಕಂಡಿದ್ನೇನು, ಇಲ್ಲೆ ಪೋರಿನ್ನ ಇಟಗೋತಾರ ಅಂತ? ಪೋಸ್ಟಮನ್ನ ಬಂದು ಮನಿ ಬಾಗಲ್ದಾಗ ಓದಿ ಹೇಳಿದ. ನಮ್ಮ ಪೋರಿ ಆವತ್ತಿಂದ ಪೆಟಾರಿ ಕಟ್ಟಿ ಕುಂತೈತಿ. ಹೋದ ವರ್ಷ ಕಬ್ಬಿನ ಫಡದಾಗ ಸಾಲಿ ಬಿಟ್ಟು ತಮ್ಮನ್ನ ಹೊತಗೊಂಡು ತಿರಗ್ಯಾಳ, ಅದರ ಹಿಂದಿನ ವರ್ಷಾನೂ ತಿರಗ್ಯಾಳ. ನೀವ ಕರದು, ನೀವ ಇಲ್ಲ ಅಂತೀರಿ?”

ಶಿದ್ರಾಯ ಕಾಕಾ ಕಾರ್ಡನ್ನು ತೆಗೆದುಕೊಂಡರು. ತಮ್ಮದೇ ಅಕ್ಷರ. ಅವರ ಮುಖದ ನಗು ಒಂದು ಗಳಿಗೆ ಎಲ್ಲೋ ಹೋಗಿ ಬಂದದ್ದನ್ನು ಅಲ್ಮಾಸ ನೋಡಿದಳು. ಆ ಕಾರ್ಡಿಗಾಗಿ ಅವರು ಒಮ್ಮೆ ಬೈಗುಳ ತಿಂದಿದ್ದರು; ಅದು ತಿರುಗಿ ಬಂದು ಇವತ್ತೇ ಸಾಹೇಬರ ಕಣ್ಣಿಗೆ ಬೀಳುವುದು ಬೇಕಿರಲಿಲ್ಲ. ಮೆಲ್ಲಗೆ ಅದನ್ನು ಶಿಕ್ಕೆಯ ಡಬ್ಬಿಯ ಕೆಳಗೆ ಸರಿಸಿದರು. “ಇದು ತಪ್ಪಿ ಹೋದ ಕಾರ್ಡಬೇ. ಇದರ ಮ್ಯಾಲ ಏನೂ ನಡಿಯೂದಿಲ್ಲ. ಶುಕ್ರವಾರಕ್ಕ ತಾರೀಖ ಮುಗದೈತಿ, ಹೊಸಾ ಅರ್ಜಿ ಹಿಡಿಯಂಗಿಲ್ಲ. ಆವತ್ತಿನತನಾ ಬಂದಿದ್ದ ಅರ್ಜಿ ಇದ್ರ ನಾನಾ ಬರಕೊಳ್ತಿದ್ದೆ. ಜಾಗಾನೂ ಐತಿ, ಯಾರಪ್ಪನ ಗಂಟ ಹೋಕ್ಕಿತ್ತು?”

ಜಾಗವಿತ್ತು. ಟೇಬಲ್ಲಿನ ಮೇಲೆ ಯಾದಿ ಹರಡಿತ್ತು, ಕೊನೆಯ ಎರಡು ಸಾಲು ಖಾಲಿ. ಸಾಹೇಬರ ಸಹಿ ಬಿದ್ದ ಕೂಡಲೆ ಖಾಲಿ ಸಾಲಿನ ಮೇಲೆ ಸ್ಕೇಲು ಇಟ್ಟು ಅಡ್ಡಗೆರೆ ಎಳೆಯುವುದು ಕಾಕಾನ ಪದ್ಧತಿ. ಮುಂದೆ ಯಾರೂ ಕೈ ಆಡಿಸಬಾರದೆಂದು. ಸ್ಕೇಲು ಆಗಲೇ ಪಕ್ಕದಲ್ಲಿ ಬಂದು ಕೂತಿತ್ತು.

“ತರ್ರಿ, ಅಹವಾಲು ತರ್ರಿ,” ಎಂದು ಕಾಕಾ ಫೈಲಿಗೆ ಕೈ ಚಾಚಿದರು. ಅಲ್ಮಾಸ ಹಾಳೆಯನ್ನಷ್ಟೇ ಎಳೆದು ಕೊಟ್ಟಳು. ಕಾಕಾ ಅದಕ್ಕೆ ಶಿಕ್ಕಾ ಒತ್ತಿ, ಊದಿ, ಮುಕ್ತಾಬಾಯಿಯ ಮುಖದ ಮುಂದೆ ಹಿಡಿದರು. “ನೋಡಬೇ. ಓದಾಕ ಬರಲಿಕ್ರ ಬಣ್ಣಾರ ನೋಡ. ಎಲ್ಲಾ ಹಸರ. ಕೆಂಪ ಎಲ್ಲೆರೆ ಐತಿ? ಇದು ಅರ್ಜಿದು. ಇದೂ ಹಸರ. ಅಂದ್ರೇನು? ಯಾರ ಅರ್ಜಿನೂ ತಪ್ಪಿಲ್ಲ. ಮನಶ್ಯಾ ಸುಳ್ಳ ಹೇಳ್ಯಾನು, ನಾನೂ ಹೇಳೇನು. ಇದು ಯಂತ್ರದ್ದು.”

ಮುಕ್ತಾಬಾಯಿ ಹಾಳೆ ನೋಡಿದಳು. ಬಹಳ ಹೊತ್ತು ನೋಡಿದಳು. ಆಮೇಲೆ ಗಂಟು ಬಿದ್ದ ಹೆಬ್ಬೆರಳನ್ನು ಏಳನೆಯ ವೃತ್ತದ ಮೇಲಿಟ್ಟು ಒರೆಸಿ, ಬೆರಳು ತಿರುಗಿಸಿ ನೋಡಿಕೊಂಡಳು. ಹಸಿರು ಹತ್ತಿತ್ತು. “ಇನ್ನಾ ಹಸೀ ಐತ್ರಿ,” ಎಂದಳು. ಜಗಳದ ದನಿಯಲ್ಲಲ್ಲ, ಗೋಡೆಗೆ ಹಚ್ಚಿದ ಸುಣ್ಣದ ಬಗ್ಗೆ ಹೇಳುವ ಹಾಗೆ. “ಕೈಲೆ ಹಚ್ಚ್ಯಾರ.”

 ಹಚ್ಚಿದ ಅಲ್ಮಾಸಳ ಕೈಯ ಬೆರಳ ಬದಿಯಲ್ಲೂ ಅದೇ ಹಸಿರು ಇತ್ತು, ಓಢಣಿಯೊಳಗೆ ಮುಚ್ಚಿಕೊಂಡಳು. ಎಲ್ಲರ ಮೇಲೂ ಸಿಟ್ಟು ಬಂತು. ಒಣಗಿದ ಶಾಯಿಯ ಮೇಲೆ, ಎರಡು ಮೊಬೈಲಿನ ಸರ್ ಮೇಲೆ, ಬರೆದ ಕಾರ್ಡನ್ನು ಡಬ್ಬಿಯ ಕೆಳಗೆ ಹೂಳುವ ಈ ಮುದುಕನ ಮೇಲೆ, ಕಡೆಗೆ ಈ ಹೆಂಗಸಿನ ಮೇಲೂ: ಇಷ್ಟು ಹೆಸರಿರುವ ಜಗತ್ತಿನಲ್ಲಿ ಇವಳಿಗೆ ಇದೇ ಹೆಸರು ಬೇಕಿತ್ತೇ, ಇವಳಿಗೆ ಅರ್ಜಿ ಹಾಕುವ ಉಸಾಬರಿ ಯಾಕೆ ಬ... ಅಲ್ಲಿಗೆ ನಾಲಿಗೆ ಹುಣ್ಣಿಗೆ ತಾಗಿತು. ಎರಡು ದಿನ ಸುತ್ತು ಹಾಕಿದ್ದ ಮಾತು ಅದೇ ಆಗಿತ್ತು. ಅಂದು ಕಿಟಕಿಯಲ್ಲಿ ನಕ್ಕು ಹೆಸರು ಒತ್ತಿದಾಗ ತಲೆಯಲ್ಲಿ ಹಾದದ್ದು ಇದೇ: ಇಂಥವಳು ಎಂದೂ ಈ ಪುಟಕ್ಕೆ ಬರುವವಳಲ್ಲ. ಯಾರಿಗಾಗಿ ಪುಟ ಮಾಡಿದ್ದರೋ ಅವಳ ಹೆಸರನ್ನೇ, ಅವಳು ಬರಲಾರಳು ಎಂಬ ಭರವಸೆಯ ಮೇಲೆ, ಸುಳ್ಳಿಗೆ ಆರಿಸಿದ್ದಳು. ಯಂತ್ರ ಕೆಟ್ಟಿರಲಿಲ್ಲ. ಲೈಟಿನದೂ ತಪ್ಪಿರಲಿಲ್ಲ.

ಹೊರಗೆ ಜೀಪು ಬಂದು ನಿಂತ ಸದ್ದಾಯಿತು. ಕಾಕಾ ಗಡಬಡಿಸಿ ಯಾದಿಯನ್ನು ಜೋಡಿಸಿ, ಪೆನ್ನಿನ ಮುಚ್ಚಳ ತೆಗೆದಿಟ್ಟರು. “ಏಳಬೇ, ಏಳ, ಸಾಹೇಬ್ರು ಬಂದ್ರು. ಹೇಳ್ರಿ ಡಾಕ್ಟರಬಾಯಿ, ನೀವಾರ ಒಂದ ಮಾತ ಹೇಳಿ ಹೊರಗ ಕರಕೊಂಡ ಹೋಗ್ರಿ.”

ಮುಕ್ತಾಬಾಯಿ ಏಳಲಿಲ್ಲ. ಅಲ್ಮಾಸಳ ಮುಖ ನೋಡುತ್ತ ಕೂತಿದ್ದಳು. ಬೇಡುತ್ತಿರಲಿಲ್ಲ, ಎಸ್‌ಟಿಯ ಬೋರ್ಡು ನೋಡುವ ಹಾಗೆ ನೋಡುತ್ತಿದ್ದಳು, ಯಾವ ಊರಿಗೆ ಹೋಗುತ್ತದೆಯೋ ಎಂದು.

ಅಲ್ಮಾಸ ಏನೋ ಅಂದಳು. ತುಟಿ ಅಲುಗಿದ್ದು ಅವಳಿಗೇ ಗೊತ್ತಾಯಿತು, ದನಿ ಕೇಳಲಿಲ್ಲ.

“ಏನಂದ್ರಿ?” ಕಾಕಾ ಆಗಲೇ ಬಾಗಿಲ ಕಡೆ ತಿರುಗಿದ್ದರು. ಮೆಟ್ಟಿಲ ಮೇಲೆ ಬೂಟಿನ ಸದ್ದು. ಇಪ್ಪತ್ತಾರು ಹೋಯಿತು, ಇನ್ನು ಇಪ್ಪತ್ತೇಳು ಕೂಗುತ್ತಾರೆ. ಅಲ್ಮಾಸ ಫೈಲಿನೊಳಗೆ ಕೈ ಹಾಕಿ ಮಡಿಚಿದ ಮೂರು ಹಾಳೆಗಳನ್ನು ಎಳೆದು, ಯಾದಿಯ ಖಾಲಿ ಸಾಲುಗಳ ಮೇಲೆ, ಸ್ಕೇಲಿನ ಮೇಲೆಯೇ ಇಟ್ಟಳು. ಬೆರಳಿನ ಹಸಿರು ಎಲ್ಲರಿಗೂ ಕಂಡಿತು. ಒಣಗಿದ ಗಂಟಲಿನಿಂದ ಬಂದ ದನಿ ಕರ್ಕಶವಾಗಿತ್ತು, ಅವಳದಲ್ಲವೆನ್ನುವಷ್ಟು ದೊಡ್ಡದಾಗಿತ್ತು, ಬಾಗಿಲಿಗೆ ಬಂದ ಬೂಟು ಅಲ್ಲೇ ನಿಂತಿತು.

“ಇವರ ಅರ್ಜಿ ಮೂರ ಸಲ ಬಂದೈತ್ರಿ ಕಾಕಾ, ನಾ ಓದಲಾರದ ಅಳಿಸೇನಿ. ಇಂಥಾ ಹೆಸರಿನವರು ಯಾರೂ ಅರ್ಜಿ ಹಾಕಂಗಿಲ್ಲ ಅಂತ ತಿಳದು ಈ ಹೆಸರ ಯಂತ್ರಕ್ಕ ಇಟ್ಟಾಕಿ ನಾನ ಅದೇನ್ರಿ.”